ಬೆಳಕಿಗೆ ಹಿಡಿದು ನೋಡುವ ಶಿವಗಂಗಮ್ಮ

ಶಿವಗಂಗಮ್ಮನವರ ಕೈಗೆ ಯಾವ ಕಾಗದ ಕೊಟ್ಟರೂ ಅವರು ಮೊದಲು ಓದುತ್ತಿರಲಿಲ್ಲ. ಎರಡು ತುದಿ ಹಿಡಿದು, ತಲೆಗಿಂತ ಒಂದು ಗೇಣು ಮೇಲಕ್ಕೆತ್ತಿ, ಬೆಳಕಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಕರೆಂಟ್ ಬಿಲ್ಲಾಗಲಿ, ಡಾಕ್ಟರ ಚೀಟಿಯಾಗಲಿ, ಪಂಚಾಂಗದ ಹಾಳೆಯಾಗಲಿ, "ಮೋಡ ಜಾಸ್ತಿ ಆಯ್ತು" ಅಥವಾ "ಪರವಾಗಿಲ್ಲ, ನಾರು ಚೆನ್ನಾಗಿ ಕೂತಿದೆ" ಎಂದು ತೀರ್ಪು ಕೊಟ್ಟ ಮೇಲೆಯೇ ಅದರಲ್ಲಿ ಬರೆದದ್ದೇನು ಎಂಬ ವಿಚಾರ. ಒಮ್ಮೆ ನಮ್ಮ ಬೀದಿಯವರೊಬ್ಬರು ಮಗಳ ಮದುವೆಗೆ ಕರೆಯಲು ಬಂದು, ಬೆಳ್ಳಿ ಅಂಚಿನ ದಪ್ಪ ಪತ್ರಿಕೆ ಕೊಟ್ಟು, ಕುಂಕುಮ ಇಟ್ಟು, ಒಂದು ಒಳ್ಳೆಯ ಮಾತಿಗೆ ಕಾಯುತ್ತಾ ನಿಂತರು. ಶಿವಗಂಗಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು, "ಅಯ್ಯೋ, ಎರಡು ಹಾಳೆ ಅಂಟಿಸಿ ದಪ್ಪ ಮಾಡಿದಾರೆ ಕಣ್ರೀ. ನಿಮಗೆ ಸರಿಯಾಗಿ ಟೋಪಿ ಹಾಕಿದಾರೆ" ಎಂದುಬಿಟ್ಟರು. ಆ ಮದುವೆಗೆ ಹೋಗಿ ಎರಡು ಸಲ ಹೋಳಿಗೆ ಹಾಕಿಸಿಕೊಂಡು ಬಂದರು, ಅದು ಬೇರೆ ಮಾತು.

ಅವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಹಾಳೆ ಆರಿಸುವ ವಿಭಾಗದಲ್ಲಿದ್ದವರು. ಕತ್ತರಿಸಿದ ಹಾಳೆಗಳ ದಿಂಡು ಮೇಜಿನ ಮೇಲೆ ಬಂದು ಕೂರುತ್ತದೆ. ಒಂದೊಂದನ್ನೇ ಬೆರಳಿನಿಂದ ಎಬ್ಬಿಸಿ, ಕಣ್ಣು ಹಾಯಿಸಿ, ಒಳ್ಳೆಯದನ್ನು ಬಲಕ್ಕೆ, ಸುಮಾರಾದದ್ದನ್ನು ಎಡಕ್ಕೆ, ಕೆಟ್ಟದ್ದನ್ನು ಕಾಲ ಬಳಿಯ ಬುಟ್ಟಿಗೆ ಹಾಕಬೇಕು. ಬುಟ್ಟಿಗೆ ಬಿದ್ದದ್ದಕ್ಕೆ ಅಲ್ಲಿ ‘ಬ್ರೋಕ್’ ಎಂದು ಹೆಸರು. ಅದು ಮತ್ತೆ ಕರಗಿ ತಿರುಳಾಗಬೇಕು. ಮರದ ನಾರು ಸಮನಾಗಿ ಹರಡದೆ ಅಲ್ಲಲ್ಲಿ ಗುಂಪು ಕಟ್ಟಿದ್ದರೆ, ಬೆಳಕಿಗೆ ಹಿಡಿದಾಗ ಹಾಳೆಯೊಳಗೆ ಮಬ್ಬು ಮಬ್ಬಾಗಿ ಕಾಣುತ್ತದೆ. ಆ ವಿಭಾಗದ ಹೆಂಗಸರೆಲ್ಲ ಅದನ್ನು ಮೋಡ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ ಮೇಲೆ ಕಣ್ಣು ಬೇರೆ ಯಾವ ರೀತಿ ನೋಡೀತು?

ಕಾರ್ಖಾನೆ ನಿಂತ ಮೇಲೆ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು, ಗಂಡ ರುದ್ರಪ್ಪನವರೊಂದಿಗೆ ಶಿವಮೊಗ್ಗದ ಗೋಪಾಳಕ್ಕೆ ಬಂದು, ನಾನು ಬಾಡಿಗೆಗಿದ್ದ ಮನೆಯ ಕೆಳಗಿನ ಭಾಗವನ್ನು ಹಿಡಿದರು. ರುದ್ರಪ್ಪನವರು ಬಾಯ್ಲರ್ ವಿಭಾಗದವರು. ಮೂರು ದಶಕ ಉರಿಯ ಮುಂದೆ ನಿಂತಿದ್ದಕ್ಕೆ ಸೇಡು ತೀರಿಸಿಕೊಳ್ಳುವವರಂತೆ ಈಗ ಜಗುಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಏಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಶಿವಗಂಗಮ್ಮ ಮಾತ್ರ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ನಿಂತೇ ದಾರ ಹಾಕಿ ಬೀದಿಯ ಮಕ್ಕಳಿಗೆ ನೋಟ್‌ಬುಕ್ ಹೊಲಿಯುವರು, ನಿಂತೇ ಕಾಫಿ ಕುಡಿಯುವರು. ಬಲಗೈ ತೋರುಬೆರಳಿಗೆ ಹಳೆಯ ಕೆಲಸದ ರಬ್ಬರ್ ಟೋಪಿ ಸದಾ ಇರುತ್ತಿತ್ತು. ಅದನ್ನು ಹಾಕಿಕೊಂಡೇ ಒಗ್ಗರಣೆಗೆ ಸಾಸಿವೆ ಹಾಕಿದ್ದನ್ನು ನಾನೇ ಕಂಡಿದ್ದೇನೆ.

ನನ್ನ ವಿಷಯ ಇಷ್ಟು: ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾ, ಉಳಿದ ಹೊತ್ತಿನಲ್ಲಿ ಶುಕ್ರಗ್ರಹದ ಮೋಡಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಶುಕ್ರನನ್ನು ಸುತ್ತುತ್ತಿದ್ದ ನೌಕೆಯೊಂದು ನೇರಳಾತೀತ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಎರಡು ಗಂಟೆ ಅಂತರದ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು, ಇಲ್ಲಿದ್ದ ಮೋಡ ಅಲ್ಲಿಗೆ ಎಷ್ಟು ದೂರ ಸರಿದಿದೆ ಎಂದು ಅಳೆದರೆ ಅಲ್ಲಿನ ಗಾಳಿಯ ವೇಗ ಸಿಗುತ್ತದೆ. ಕೇಳಲು ಸುಲಭ. ಮಾಡುತ್ತಾ ನನಗೆ ಆರನೆಯ ವರ್ಷ ನಡೆಯುತ್ತಿತ್ತು. ಸಹೋದ್ಯೋಗಿಗಳು "ಮೋಡ ಎಲ್ಲಿಗೆ ಬಂತು?" ಎಂದು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಒಣಗಿಸಿದ್ದ ಹಪ್ಪಳ ನೋಡಲು ಬಂದ ಶಿವಗಂಗಮ್ಮ, ನನ್ನ ಮೇಜಿನ ಮೇಲಿದ್ದ ಪ್ರಿಂಟ್ ಒಂದನ್ನು ಕೇಳದೆಯೇ ಎತ್ತಿ ಕಿಟಕಿಗೆ ಹಿಡಿದರು.

"ಇದೇನು ಮಾರಾಯ್ತಿ, ಹಾಳೆ ಚೆನ್ನಾಗಿದೆ, ಪ್ರಿಂಟೇ ಮೋಡ ಮೋಡ ಬಂದಿದೆಯಲ್ಲ?"

"ಅದು ಮೋಡದ್ದೇ ಚಿತ್ರ ಅಮ್ಮ. ಶುಕ್ರಗ್ರಹದ್ದು."

"ಶುಕ್ರ ಅಂದ್ರೆ ಬೆಳ್ಳಿಚುಕ್ಕಿ?"

"ಹ್ಞೂಂ, ಅದೇ."

ಅವರು ಹಾಳೆಯನ್ನು ಕೆಳಗಿಳಿಸಲಿಲ್ಲ. "ಮೊದಲನೇ ಪಾಳಿಗೆ ಹೋಗೋವಾಗ ಗೇಟಿನ ತಲೆ ಮೇಲೆ ನಿಂತಿರ್ತಿತ್ತು. ಅಷ್ಟು ಹೊಳೆಯೋದು ಹತ್ತಿರ ಹೋದ್ರೆ ಹಿಂಗಾ ಇರೋದು?"

ಆ ಹೊಳಪು ಮೋಡದ್ದೇ ಎಂದೆ. ಗ್ರಹದ ನೆಲ ಹೊರಗಿನಿಂದ ಕಣ್ಣಿಗೆ ಕಾಣುವುದೇ ಇಲ್ಲ, ಸುತ್ತಲೂ ಗಂಧಕಾಮ್ಲದ ಮೋಡ, ಮಳೆ ಬಂದರೂ ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತದೆ ಎಂದೆ. "ನೆಲಕ್ಕೆ ಮುಟ್ಟದ ಮಳೆಗೆ ಇಷ್ಟೊಂದು ಮೋಡ ಯಾಕೆ ಬೇಕಿತ್ತು?" ಎಂದರು. ಆರು ವರ್ಷದಲ್ಲಿ ನಾನು ಕೇಳಿಕೊಳ್ಳದ ಪ್ರಶ್ನೆ ಅದು. ಗಾಳಿ ಗಂಟೆಗೆ ಮುನ್ನೂರೈವತ್ತು ಕಿಲೋಮೀಟರ್ ಓಡುತ್ತದೆ ಎಂದಾಗ ಬೆರಳಲ್ಲೇ ಲೆಕ್ಕ ಹಾಕಿ, "ಭದ್ರಾವತಿಯಿಂದ ಶಿವಮೊಗ್ಗಕ್ಕೆ ಮೂರು ಚಿಲ್ಲರೆ ನಿಮಿಷ. ಪ್ರೈವೇಟ್ ಬಸ್ಸಿನೋರು ಕೇಳಿಸಿಕೊಳ್ಳಬೇಕು ಇದನ್ನ" ಎಂದರು. ಗ್ರಹ ತನ್ನ ಸುತ್ತ ತಾನು ಒಂದು ಸಲ ತಿರುಗಲು ಇನ್ನೂರ ನಲವತ್ತಮೂರು ದಿನ ತೆಗೆದುಕೊಂಡರೆ, ಅದರ ಮೋಡಗಳು ನಾಲ್ಕೇ ದಿನದಲ್ಲಿ ಒಂದು ಸುತ್ತು ಮುಗಿಸುತ್ತವೆ ಎಂಬುದು ಅವರಿಗೆ ತುಂಬ ಹಿಡಿಸಿತು. ಮಹಡಿಯಿಂದ ಬಗ್ಗಿ ಜಗುಲಿಯ ಕುರ್ಚಿಯ ಕಡೆ ನೋಡಿ, "ನಮ್ಮನೇಲೂ ಹಾಗೇನೇ. ಅವರು ಒಂದು ಸಲ ಏಳೋ ಹೊತ್ತಿಗೆ ನಾನು ಅರವತ್ತು ಸುತ್ತು ಹಾಕಿರ್ತೀನಿ" ಎಂದರು. ರುದ್ರಪ್ಪನವರು ತಲೆ ಎತ್ತಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ತಿಂಡಿ ಮುಗಿಸಿ ಮೇಲೆ ಬರತೊಡಗಿದರು. ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ ಒಲ್ಲೆ ಎನ್ನುವರು. "ಅದನ್ನ ಎತ್ತಿ ಹಿಡಿಯೋಕಾಗಲ್ಲ, ಮಡಚಿ ನೋಡೋಕಾಗಲ್ಲ, ಅದೆಂಥ ನೋಡೋದು" ಎಂಬುದು ಅವರ ವಾದ. ಹಾಗಾಗಿ ಪ್ರಿಂಟ್ ತೆಗೆಯುತ್ತಿದ್ದೆ. ಇಂಕು ಉಳಿಸಲು ಆಕಾಶದ ಕಪ್ಪನ್ನೆಲ್ಲ ಅಳಿಸಿ ಬಿಳಿ ಮಾಡಿರುತ್ತಿದ್ದೆ. ಅವರು ರಬ್ಬರ್ ಟೋಪಿಯ ಬೆರಳಿನಿಂದ ಹಾಳೆ ಎಬ್ಬಿಸಿ, ಮೊದಲ ಚಿತ್ರದ ಮೋಡವನ್ನು ಎರಡನೆಯದರಲ್ಲಿ ಹುಡುಕುವರು. ಆ ಕೆಲಸವನ್ನು ನನ್ನ ಕಂಪ್ಯೂಟರ್ ಪ್ರೋಗ್ರಾಂ ಕೂಡ ಮಾಡುತ್ತಿತ್ತು. ಆದರೆ ಅದು ಎಷ್ಟೋ ಸಲ ಒಬ್ಬರ ಮಗುವನ್ನು ಇನ್ನೊಬ್ಬರ ಕಂಕುಳಿಗೆ ಕೊಟ್ಟುಬಿಡುತ್ತಿತ್ತು. ಶಿವಗಂಗಮ್ಮ ಹಾಗೆ ಮಾಡುತ್ತಿರಲಿಲ್ಲ, ಏಕೆಂದರೆ ಅವರು ಮೋಡಗಳಿಗೆ ಹೆಸರಿಟ್ಟಿದ್ದರು. ಒಂದು ಜಡೆ, ಒಂದು ಶ್ಯಾವಿಗೆ, ಒಂದು ಹಳೇ ಸೀರೆ ಅಂಚು. "ನೋಡು, ಜಡೆ ಇಲ್ಲಿಗೆ ಬರೋಷ್ಟರಲ್ಲಿ ತುದಿ ಬಿಚ್ಚಿಕೊಂಡಿದೆ. ಆದ್ರೂ ಇವಳೇ" ಎಂದು ಬೆರಳಿಟ್ಟರೆ, ಅಳೆದು ನೋಡಿದಾಗ ಸರಿಯಾಗಿಯೇ ಇರುತ್ತಿತ್ತು.

ಈಗ ನನ್ನ ಹೆಗ್ಗಣದ ಕಥೆ ಹೇಳಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಆ ಹೆಗ್ಗಣ.

ಅಷ್ಟೆಲ್ಲ ಮೋಡಗಳು ಓಡುತ್ತಿರುವಾಗ, ಸಮಭಾಜಕದ ಸ್ವಲ್ಪ ಕೆಳಗೆ ಒಂದು ಪುಟ್ಟ ತಿಳಿ ಮಚ್ಚೆ ಓಡದೆ ನಿಂತಿರುವುದು ನನ್ನ ಕಣ್ಣಿಗೆ ಬಿತ್ತು. ಒಂದು ದಿನದ ಚಿತ್ರಗಳಲ್ಲಲ್ಲ, ಒಂಬತ್ತು ಬೇರೆ ಬೇರೆ ದಿನಗಳ ಚಿತ್ರಗಳಲ್ಲಿ. ಪ್ರತಿ ದಿನವೂ ಆರೇಳು ಗಂಟೆ ಅದು ಕದಲಿರಲಿಲ್ಲ. ಶುಕ್ರನ ಮೇಲೆ ಬೆಟ್ಟಗಳಿಗೆ ಗಾಳಿ ಬಡಿದು ಮೇಲಿನ ಮೋಡದಲ್ಲಿ ನಿಂತ ಅಲೆಗಳು ಏಳುವುದನ್ನು ದೊಡ್ಡ ವಿಜ್ಞಾನಿಗಳು ಮೊದಲೇ ಕಂಡಿದ್ದರು. ನನ್ನದು ಅಂಥದೇ, ಆದರೆ ಇಷ್ಟು ಸಣ್ಣದನ್ನು ಯಾರೂ ಕಂಡಿರಲಾರರು ಎಂದು ನನ್ನ ನಂಬಿಕೆ. ನನ್ನ ಮಾರ್ಗದರ್ಶಕರು ಕೂಡ, "ಇದು ನಿಂತರೆ ನಿಮ್ಮ ಥೀಸಿಸ್ ನಿಂತ ಹಾಗೆ" ಎಂದಿದ್ದರು. ಮುಂದಿನ ಸೋಮವಾರ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಅದನ್ನು ಮಂಡಿಸಬೇಕು. ಸಮಿತಿ ಒಪ್ಪಿದರೆ ಆರು ವರ್ಷದ ಕೆಲಸ ದಡ ಸೇರಿತು. ಇಲ್ಲವಾದರೆ ನೋಂದಣಿಯ ಅವಧಿಯೇ ಮುಗಿಯುತ್ತಾ ಬಂದಿತ್ತು, ಮತ್ತೊಂದು ಅವಕಾಶ ಸಿಗುವುದು ಅನುಮಾನ. ನಾನು ಆ ದಿನಗಳಲ್ಲಿ ನೆಲ ಬಿಟ್ಟು ಎರಡು ಅಂಗುಲ ಮೇಲೆ ಓಡಾಡುತ್ತಿದ್ದೆ.

ಬುಧವಾರ ಸಂಜೆ ಕಾಲೇಜಿನಿಂದ ಬಂದವಳು ಆ ಒಂಬತ್ತು ಪ್ರಿಂಟುಗಳನ್ನು ತೆಗೆದುಕೊಂಡು ಕೆಳಗಿಳಿದೆ, ಹೊಗಳಿಸಿಕೊಳ್ಳಲಿಕ್ಕೆ. ಶಿವಗಂಗಮ್ಮ ಹೊಲಿಯುತ್ತಿದ್ದ ನೋಟ್‌ಬುಕ್ ಬದಿಗಿಟ್ಟರು. ಒಂಬತ್ತನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಎಲ್ಲವನ್ನೂ ಒಟ್ಟು ಮಾಡಿ, ಮೇಜಿನ ಮೇಲೆ ಟಕ ಟಕ ಎಂದು ಕುಟ್ಟಿ, ನಾಲ್ಕೂ ಅಂಚು ಒಂದು ಕೂದಲೂ ಆಚೀಚೆ ಇಲ್ಲದಂತೆ ಕೂರಿಸಿದರು. ಆ ಕುಟ್ಟುವಿಕೆಯಲ್ಲಿ ಒಂದು ತಾಳವೇ ಇತ್ತು. ಮೂರು ಮೂರು ಹಾಳೆಗಳಂತೆ ಎತ್ತಿ ಪಶ್ಚಿಮದ ಕಿಟಕಿಯ ಬಿಸಿಲಿಗೆ ಹಿಡಿದರು.

"ಇದು ಮೋಡ ಅಲ್ಲ ಮಾರಾಯ್ತಿ" ಎಂದರು. "ಇದು ರೋಲರ್ ಕಲೆ."

"ಎಂಥ ರೋಲರ್ ಅಮ್ಮ? ಅದು ಶುಕ್ರಗ್ರಹ!"

"ಬಾ ಇಲ್ಲಿ. ಗುಂಡಗಿರೋದರ ಅಂಚು ನೋಡು, ಮೂರು ಹಾಳೆಲೂ ಒಂದೇ ಕಡೆ ಇಲ್ಲ. ಒಂದು ಸ್ವಲ್ಪ ಈ ಕಡೆ, ಒಂದು ಸ್ವಲ್ಪ ಆ ಕಡೆ. ಈ ಕಲೆ ನೋಡು, ಮೂರರಲ್ಲೂ ಒಂದರ ಮೇಲೊಂದು ಕೂತಿದೆ, ಸೂಜಿ ಚುಚ್ಚಿದ ಹಾಗೆ. ನಮ್ಮಲ್ಲಿ ರೋಲರಿಗೆ ಏನೋ ಒಂದು ಚೂರು ಅಂಟಿಕೊಂಡ್ರೆ ಹಿಂಗೇ ಆಗ್ತಿತ್ತು. ತಿರುಳಿನ ಮೋಡ ಒಂದು ಹಾಳೆಲಿದ್ದ ಜಾಗದಲ್ಲಿ ಇನ್ನೊಂದರಲ್ಲಿ ಇರಲ್ಲ. ಎಲ್ಲ ಹಾಳೆಲೂ ಅಂಚಿಂದ ಅಷ್ಟೇ ದೂರಕ್ಕೆ ಬಂದ್ರೆ ಅದು ಹಾಳೆದಲ್ಲ, ಮಿಷಿನ್ನಿಂದು. ಹೋಗಿ ಮಿಷಿನ್ ಒರೆಸಿ ಅನ್ನು."

ಮಿಷಿನ್ ಕೋಟ್ಯಂತರ ಕಿಲೋಮೀಟರ್ ಆಚೆ ಇದೆ, ಒರೆಸುವವರು ಯಾರು ಎಂದು ಸಿಟ್ಟಿನಿಂದ ಕೇಳಿದೆ. ಇನ್ನೂ ಏನೇನೋ ಅಂದೆ. ಇದು ನೋಟ್‌ಬುಕ್ ಹೊಲಿದ ಹಾಗಲ್ಲ ಎಂದೂ ಅಂದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಹಾಳೆಗಳನ್ನು ಮತ್ತೊಮ್ಮೆ ಕುಟ್ಟಿ ಜೋಡಿಸಿ ನನ್ನ ಕೈಗೆ ಕೊಟ್ಟು, "ನಾನು ಬುಟ್ಟಿಗೆ ಹಾಕು ಅಂತಿಲ್ಲ. ಅಳೆದು ನೋಡು ಅಂತಿದೀನಿ. ಹಾಳೆ ಅಂಚಿಂದ ಅಳೆ" ಎಂದರು.

ನಾನು ಇಷ್ಟು ದಿನ ಗ್ರಹದ ಅಂಚಿನಿಂದ ಅಳೆಯುತ್ತಿದ್ದೆ. ನೌಕೆ ಪ್ರತಿ ಸಲವೂ ಗ್ರಹವನ್ನು ಚಿತ್ರದ ಹೆಚ್ಚುಕಡಿಮೆ ನಡುವೆಯೇ ಇಡುತ್ತಿದ್ದುದರಿಂದ, ಚಿತ್ರಕ್ಕೆ ಅಂಟಿದ್ದು ಗ್ರಹಕ್ಕೆ ಅಂಟಿದಂತೆ ನನಗೆ ಕಂಡಿತ್ತು. ಗುರುವಾರ ರಜೆ ಹಾಕಿ ಕೂತೆ. ಗ್ರಹ ಮೂಲೆಗೆ ಸರಿದಿದ್ದ ಚಿತ್ರಗಳನ್ನು ಹುಡುಕಿ ತೆಗೆದೆ. ಅಂಥವನ್ನು ನಾನು ಕೆಲಸಕ್ಕೆ ಬಾರದವು ಎಂದು ಮೊದಲೇ ಬದಿಗೆ ಸರಿಸಿದ್ದೆ. ಆ ಚಿತ್ರಗಳಲ್ಲಿ ನನ್ನ ನಿಂತ ಮೋಡ ಗ್ರಹವನ್ನೇ ಬಿಟ್ಟು ಖಾಲಿ ಆಕಾಶದಲ್ಲಿ, ಅದೇ ಜಾಗದಲ್ಲಿ, ಮಂಕಾಗಿ ನಿಂತಿತ್ತು. ಕ್ಯಾಮೆರಾದ ಕಲೆ. ಅಂಥ ಕಲೆಗಳ ಪಟ್ಟಿಯನ್ನು ನೌಕೆ ನಡೆಸುವವರು ಆಗಾಗ ಹೊಸದು ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದರು. ನಾನು ಮೊದಲ ವರ್ಷ ಇಳಿಸಿಕೊಂಡ ಹಳೆಯ ಪಟ್ಟಿಯನ್ನೇ ಬಳಸುತ್ತಾ ಕೂತಿದ್ದೆ. ತಪ್ಪು ಪೂರ್ತಿಯಾಗಿ ನನ್ನದೇ.

ಬೆಟ್ಟ ಅಗೆದು ಇಲಿ ಹಿಡಿದವರಿಗೆ ಕೊನೆಗೆ ಇಲಿಯಾದರೂ ಸಿಕ್ಕಿತ್ತು. ನಾನು ಸೋಫಾದ ಮೇಲೆ ಕೂತು ಚೆನ್ನಾಗಿ ಅತ್ತೆ. ಸಂಜೆ ಶಿವಗಂಗಮ್ಮ ಒಂದು ಬಟ್ಟಲು ಮಂಡಕ್ಕಿ ಹಿಡಿದು ಮೇಲೆ ಬಂದರು. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. "ನಾನು ಹೇಳಿದ್ದೆ" ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ.

"ನನ್ನ ಕೆಲಸದ ಮೊದಲನೇ ವರ್ಷ" ಎಂದು ಶುರು ಮಾಡಿದರು, "ಇಂಥದೇ ಒಂದು ಕಲೆ ಬಂದಿತ್ತು. ಚಂದದ ಕಲೆ, ತಾವರೆ ಎಸಳಿನ ಥರ. ನಾನು ವಾಟರ್‌ಮಾರ್ಕ್ ಅಂದ್ಕೊಂಡು ಇಡೀ ಪಾಳಿ ಹಾಳೆನೆಲ್ಲ ಒಳ್ಳೇದರಲ್ಲಿ ಹಾಕಿದ್ದೆ. ಮೇಸ್ತ್ರಿ ನಾಲ್ಕು ಜನರ ಎದುರಿಗೇ ಬೈದರು. ನಾನೂ ಅತ್ತೆ. ಮಾರನೇ ದಿನ ಅಷ್ಟನ್ನೂ ಮತ್ತೆ ನಾನೇ ಆರಿಸಿದೆ. ತಿನ್ನು, ಮೆತ್ತಗಾಗುತ್ತೆ."

"ಸೋಮವಾರ ಏನು ತೋರಿಸಲಿ ಅಮ್ಮ? ಉಳಿದಿರೋದೇನು?"

"ಒಂದು ಕಲೆ ಹೋದ್ರೆ ಉಳಿದ ಹಾಳೆನೆಲ್ಲ ಬಿಸಾಕ್ತಾರಾ? ಜಡೆ ಇದೆ, ಶ್ಯಾವಿಗೆ ಇದೆ, ಓಡ್ತಾನೇ ಇದಾವೆ. ಅವುನ್ನ ಅಳೆದಿದೀಯಲ್ಲ, ಅದು ಸುಳ್ಳಾ?"

ಸುಳ್ಳಾಗಿರಲಿಲ್ಲ. ಶುಕ್ರವಾರ, ಶನಿವಾರ, ಭಾನುವಾರ ನಾವಿಬ್ಬರೂ ನನ್ನ ಕೋಣೆಯ ನೆಲದ ತುಂಬ ಪ್ರಿಂಟುಗಳನ್ನು ಹರಡಿಕೊಂಡು, ಇದ್ದಬದ್ದ ಚಿತ್ರಗಳನ್ನೆಲ್ಲ ಮೂರು ದಿಂಡು ಮಾಡಿದೆವು: ಪಾಸು, ಸುಮಾರು, ಬ್ರೋಕ್. ಅವರು ನಿಂತು ಬೆಳಕಿಗೆ ಹಿಡಿಯುವರು, ನಾನು ಕೂತು ಹೊಸ ಪಟ್ಟಿಯ ಪ್ರಕಾರ ಕಲೆ ತೆಗೆದು ಮತ್ತೆ ಅಳೆಯುವುದು. ಬ್ರೋಕ್ ದಿಂಡು ದೊಡ್ಡದಾಗಿಯೇ ಬೆಳೆಯಿತು. ಆದರೆ ಪಾಸಾದ ಜೋಡಿಗಳಿಂದ ಬಂದ ಗಾಳಿಯ ವೇಗಗಳು ಹಿಂದೆಂದಿಗಿಂತ ಅಚ್ಚುಕಟ್ಟಾಗಿ ಒಂದಕ್ಕೊಂದು ಹೊಂದಿಕೊಂಡವು. ಅಡುಗೆ ರುದ್ರಪ್ಪನವರೇ ಮಾಡಿ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಅವರು ಎದ್ದದ್ದನ್ನು ಆಗಲೂ ನಾನು ನೋಡಲಿಲ್ಲ.

ಸೋಮವಾರ ಸಮಿತಿಯ ಮುಂದೆ ನಿಂತು, ಆ ನಿಂತ ಮೋಡದ ಕಥೆಯನ್ನು ನಾನೇ ಮೊದಲು ಹೇಳಿದೆ, ಅದು ಹೇಗೆ ಸುಳ್ಳಾಯಿತು ಎಂಬುದನ್ನೂ. ಮಾರ್ಗದರ್ಶಕರ ಮುಖ ಸ್ವಲ್ಪ ಹೊತ್ತು ನೋಡಲಾಗುವಂತಿರಲಿಲ್ಲ. ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು, "ಈ ದೋಷ ಕಂಡುಹಿಡಿದವರು ಯಾರು?" ಎಂದು ಕೇಳಿದರು.

"ನಮ್ಮ ಕೆಳಗಿನ ಮನೆಯವರು, ಸರ್."

"ಅವರ ಕ್ಷೇತ್ರ ಯಾವುದು?"

"ಹಾಳೆ ಆರಿಸೋ ವಿಭಾಗ, ಸರ್. ಭದ್ರಾವತಿ."

ಯಾರೂ ನಗಲಿಲ್ಲ. ಆ ಹಿರಿಯರು ಕನ್ನಡಕ ಹಾಕಿಕೊಂಡು ಉಳಿದ ಅಧ್ಯಾಯಗಳನ್ನು ತಿರುವಿ ನೋಡಿ, ಮುಂದುವರಿಯಲಿ ಎಂದರು. ಬಸ್ಸಿನಲ್ಲಿ ಬರುತ್ತಾ ನಾನು ಕಿಟಕಿಯ ಕಡೆ ತಿರುಗಿ ಒಬ್ಬಳೇ ನಕ್ಕೆ.

ಅದಾದ ಕೆಲವು ತಿಂಗಳಿಗೆ ನೌಕೆಯ ಸಂಪರ್ಕವೇ ಕಡಿದುಹೋಯಿತೆಂದು ಸುದ್ದಿ ಬಂತು. ಹೊಸ ಚಿತ್ರಗಳು ಇನ್ನು ಬರುವುದಿಲ್ಲ. ನಾನು ಜೋಲುಮೋರೆ ಹಾಕಿಕೊಂಡು ಕೆಳಗೆ ಹೋಗಿ ಹೇಳಿದೆ. ಶಿವಗಂಗಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು. ಕಾರ್ಖಾನೆಯ ಸೈರನ್ ಕೊನೆಯ ಸಲ ಕೇಳಿದ್ದು ಯಾವತ್ತು ಎಂದು ಅವರಿಗೆ ನೆನಪಿಲ್ಲವಂತೆ, ಕೊನೆಯದು ಎಂದು ಆಗ ಗೊತ್ತಿರಲಿಲ್ಲವಲ್ಲ ಎಂದರು. ಆಮೇಲೆ ದಾರದ ತುದಿ ಕಚ್ಚಿ, "ಮಿಷಿನ್ ನಿಂತ್ರೆ ನಿಲ್ಲಲಿ ಬಿಡು. ಮಾಡಿಟ್ಟ ಹಾಳೆ ಗೋಡೌನಲ್ಲಿ ಇರ್ತಾವಲ್ಲ. ಆರಿಸೋರ ಕೆಲಸ ಆಮೇಲೇ ಇರೋದು" ಎಂದರು. ಒಂಬತ್ತು ವರ್ಷದ ಚಿತ್ರಗಳು ಅಲ್ಲಿ ಬಿದ್ದಿವೆ ಎಂದಾಗ ಅವರ ಕಣ್ಣು ಹೊಳೆಯಿತು. "ಹಾಗಾದ್ರೆ ಭಾನುವಾರ ಬರ್ತೀನಿ."

ಥೀಸಿಸ್ ಬೈಂಡ್ ಆಗಿ ಬಂದ ದಿನ ಮೊದಲ ಪ್ರತಿಯನ್ನು ಅವರಿಗೇ ಕೊಟ್ಟೆ. ಕೃತಜ್ಞತೆಯ ಪುಟ ತೆರೆದೇ ಕೊಟ್ಟೆ, ಅಲ್ಲಿ ಅವರ ಹೆಸರು ಮಾರ್ಗದರ್ಶಕರ ಹೆಸರಿನ ನಂತರದ ಸಾಲಿನಲ್ಲಿತ್ತು. ಅವರು ಅದನ್ನು ಓದದೆ ಆ ಒಂದೇ ಹಾಳೆಯನ್ನು ಬಿಡಿಸಿ ಹಿಡಿದು, ಪುಸ್ತಕವನ್ನೇ ಎತ್ತಿ ಕಿಟಕಿಗೆ ಒಡ್ಡಿದರು. "ಹಾಳೆ ಪಾಸು" ಎಂದರು. ಪುಸ್ತಕದ ಬೆನ್ನು ತಿರುಗಿಸಿ ನೋಡಿ, "ಬೈಂಡಿಂಗ್ ಮಾಡಿದೋನು ಯಾರು? ಗೋಂದಲ್ಲೇ ಮುಗಿಸಿದಾನೆ. ನನ್ನ ಕೈಲಿ ಕೊಟ್ಟಿದ್ರೆ ಹೊಲಿದು ಕೊಡ್ತಿದ್ದೆ" ಎಂದು ಬೈದರು. ಆಮೇಲೆ ಹೆಸರಿನ ಮೇಲೆ ಬೆರಳಿಟ್ಟರು. ರಬ್ಬರ್ ಟೋಪಿ ತೆಗೆದು, ಬರೀ ಬೆರಳಿನಿಂದ ಇನ್ನೊಮ್ಮೆ ಸವರಿದರು. "ಇಪ್ಪತ್ತಾರು ವರ್ಷದಲ್ಲಿ ಎಷ್ಟು ಹಾಳೆ ಕೈಯಾಡಿಸಿದೀನೋ. ಒಂದರಲ್ಲೂ ನನ್ನ ಹೆಸರಿರಲಿಲ್ಲ ನೋಡು" ಎಂದರು. ಅವರು ಕೂತದ್ದನ್ನು ಅವತ್ತು ಕಂಡೆ.

ನಾವು ಸರಿಯಾಗಿ ಕೂತು ಮಾತಾಡಿದ್ದು ಅದೇ ಕೊನೆ. ಅದಾದ ಹದಿನೈದು ದಿನಕ್ಕೆ ತವರೂರು ಕುಂಸಿಗೆ ಹೋದವರು ಅಲ್ಲಿಯೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನನಗೆ ಬಹಳ ದುಃಖವಾಯಿತು. ಈಗಲೂ ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಸದ್ದಾದರೆ ಪ್ರಿಂಟುಗಳನ್ನು ಸರಿಸಿ ಜಾಗ ಮಾಡುತ್ತೇನೆ.

ಶಿವಗಣಾರಾಧನೆಯ ಪತ್ರಿಕೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ರುದ್ರಪ್ಪನವರನ್ನೂ ಕರೆದುಕೊಂಡು ಗಾಂಧಿ ಬಜಾರಿನ ಒಂದು ಪ್ರೆಸ್ಸಿಗೆ ಹೋದೆ. ಅವರು ಸ್ಟೂಲಿನ ಮೇಲೆ ಕೂತರು. ಪ್ರೆಸ್ಸಿನವರು ಒಂದು ಹಾಳೆ ತೋರಿಸಿದರು. ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಮೋಡ ಜಾಸ್ತಿ. ಇನ್ನೊಂದು ಕೊಟ್ಟರು, ಅದೂ ಹಾಗೆಯೇ. ಮೂರನೆಯದಕ್ಕೆ ಅವರಿಗೆ ತಾಳ್ಮೆ ತಪ್ಪಿತು.

"ಮೇಡಂ, ಎರಡು ದಿನ ಇಟ್ಕೊಂಡು ಬಿಸಾಕೋ ಪತ್ರಿಕೆ ಇದು. ಇಷ್ಟೆಲ್ಲ ಯಾರು ನೋಡ್ತಾರೆ?"

"ನೋಡೋರಿದ್ರು" ಎಂದೆ.

ಅವರು ಒಳಗೆ ಹೋಗಿ, ಯಾವುದೋ ಹಳೆಯ ಕಟ್ಟಿನಿಂದ ನಾಲ್ಕನೆಯ ಹಾಳೆಯನ್ನು ಎಳೆದು ತಂದರು. ನಾನು ಕೈ ಚಾಚುವ ಮೊದಲೇ ರುದ್ರಪ್ಪನವರು ಸ್ಟೂಲಿನಿಂದ ಎದ್ದು ಬಂದರು. ಅವರು ತಾವಾಗಿ ಏಳುವುದನ್ನು ನಾನು ಕಂಡದ್ದು ಅದೇ ಮೊದಲು. ಹಾಳೆಯ ಎರಡು ತುದಿ ಹಿಡಿದು, ತಲೆಗಿಂತ ಒಂದು ಗೇಣು ಮೇಲಕ್ಕೆತ್ತಿ, ಬೀದಿಯ ಬಿಸಿಲಿಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಪಾಸು" ಎಂದರು.

ನಾನು ಇನ್ನೂರು ಪ್ರತಿ ಹಾಕಲು ಹೇಳಿದೆ.